ತುದಿ ಯಾರ ಕೈಲಿ?

ಮಠದ ಕೆಲಸಗಳ ಉಸ್ತುವಾರಿ ಹೊತ್ತಿದ್ದ ಶಿಷ್ಯನು ಗುರುವನ್ನು ಕೇಳಿದನು: "ಬುದ್ಧಿ, ಇಲ್ಲಿ ನಾವೆಲ್ಲ ಒಂದೇ ಮನೆಯವರಂತೆ ಇದ್ದೇವೆ. ಹೀಗಿರುವಾಗ ಇದು ನಿನ್ನ ಕೆಲಸ, ಅದು ಅವನ ಕೆಲಸ ಎಂದು ಹಂಚಿ ಹೇಳುವುದು ಸಣ್ಣತನವಲ್ಲವೇ?"

ಕೊಟ್ಟಿಗೆಯಲ್ಲಿ ಹಸು ಕೂಗುತ್ತಿತ್ತು. ಗುರು ಸ್ವಲ್ಪ ಹೊತ್ತು ಅದನ್ನೇ ಕೇಳುತ್ತಿದ್ದು, ಆಮೇಲೆ ಹೇಳತೊಡಗಿದರು.

ಒಬ್ಬ ವರ್ತಕನಿದ್ದನು. ಒಳ್ಳೆಯವನೇ. ಆಳುಗಳ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದನು. ನಮ್ಮಲ್ಲಿ ಧಣಿಯೂ ಇಲ್ಲ, ಆಳೂ ಇಲ್ಲ ಎನ್ನುತ್ತಿದ್ದನು. ಹಾಗೆನ್ನುವುದು ಧಣಿಗೆ ಸುಲಭ. ಒಮ್ಮೆ ಅವನ ಬಾವಿಯಲ್ಲಿ ಹೂಳು ತುಂಬಿತು. ಅದನ್ನೆತ್ತಲು ಬಾವಿ ಕೆಲಸದವನೊಬ್ಬ ಬಂದನು. ಅವನನ್ನು ಹಗ್ಗದಲ್ಲಿ ಇಳಿಸಿ ಎತ್ತಲು ನಾಲ್ವರು ಆಳುಗಳು ನಿಂತರು.

ಬಾವಿಗೆ ಇಳಿಯುವವರಲ್ಲಿ ಒಂದು ರೂಢಿಯಿದೆ. ಹಗ್ಗವನ್ನು ಎಷ್ಟು ಜನ ಬೇಕಾದರೂ ಎಳೆಯಲಿ, ಅದರ ತುದಿಯನ್ನು ಕಲ್ಲುಕಂಬಕ್ಕೆ ಸುತ್ತಿ ಹಿಡಿಯುವವನು ಒಬ್ಬನೇ. ಅವನು ಯಾರೆಂದು ಕೇಳಿಕೊಂಡೇ ಇಳಿಯುತ್ತಾರೆ.

"ಧಣಿ, ತುದಿ ಯಾರ ಕೈಲಿ?" ಎಂದು ಇವನೂ ಕೇಳಿದನು.

ವರ್ತಕನಿಗೆ ನೋವಾಯಿತು. "ಇದೇನಪ್ಪಾ, ನಮ್ಮ ಮೇಲೆ ನಂಬಿಕೆಯಿಲ್ಲವೇ? ನಾಲ್ವರೂ ನಿನ್ನ ಅಣ್ಣತಮ್ಮಂದಿರು ಅಂದುಕೋ. ಎಲ್ಲರೂ ನೋಡಿಕೊಳ್ಳುತ್ತಾರೆ."

ಅಷ್ಟು ದೊಡ್ಡ ಮಾತಿನ ಮುಂದೆ ಅವನಿಗೆ ತನ್ನ ಪ್ರಶ್ನೆಯೇ ನಾಚಿಕೆ ತರಿಸಿತು. ಸುಮ್ಮನೆ ಇಳಿದನು.

ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎನ್ನುತ್ತಾರೆ. ಮನುಷ್ಯ ಸಾಯುತ್ತಾನೆ. ಹೂಳೆತ್ತಿದ ಮೇಲೆ ನಾಲ್ವರೂ ಸೇರಿ ಅವನನ್ನು ಮೇಲಕ್ಕೆ ಎಳೆದರು. ಅರ್ಧಕ್ಕೆ ಬರುವಾಗ ಕೈಗಳು ಸೋತವು. ತುದಿಯನ್ನು ಇನ್ನೊಬ್ಬ ಕಂಬಕ್ಕೆ ಸುತ್ತಿರುತ್ತಾನೆ ಎಂದು ಒಬ್ಬೊಬ್ಬನೂ ನಂಬಿ, ಉಸಿರು ತೆಗೆದುಕೊಳ್ಳಲು ಕೈ ಸಡಿಲಿಸಿದನು. ಕಂಬಕ್ಕೆ ಯಾರೂ ಸುತ್ತಿರಲಿಲ್ಲ. ಹಗ್ಗ ಜಾರಿತು. ಅವನು ಕೆಳಗೆ ಬಿದ್ದು ಸತ್ತನು. ಆ ನಾಲ್ವರಲ್ಲಿ ಒಬ್ಬನಿಗೂ ಅವನ ಮೇಲೆ ಹಗೆಯಿರಲಿಲ್ಲ.

ಅವನ ಹೆಂಡತಿ ಬಂದಳು. ಹೆಣದ ಪಕ್ಕ ಕೂತು ವರ್ತಕನ ಮುಖ ನೋಡಿದಳು. "ತುದಿ ಯಾರ ಕೈಲಿ ಅಂತ ಕೇಳದೆ ಅವರು ಇಳಿಯೋರಲ್ಲ ಧಣಿ. ಇವತ್ತು ಕೇಳಲಿಲ್ಲವಾ?"

ವರ್ತಕನು ಕಣ್ಣೊರೆಸಿಕೊಂಡು ಹೇಳಿದನು: "ನಮ್ಮನ್ನು ನಂಬಿ ಇಳಿದ, ತಾಯಿ."

ಗುರು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಕೊಟ್ಟಿಗೆಯಲ್ಲಿ ಹಸು ಮತ್ತೆ ಕೂಗಿತು. ಶಿಷ್ಯನು ಅತ್ತ ತಿರುಗಿದನು.

"ಬೆಳಗಿನಿಂದ ಕೂಗುತ್ತಿದೆ," ಎಂದರು ಗುರು. "ಅದಕ್ಕೆ ನೀರು ಇಡು ಎಂದು ನೀನು ಯಾರ ಹೆಸರು ಹಿಡಿದು ಹೇಳಿದ್ದೆ?"