ಬೆಟ್ಟದೂರಿನ ಗಂಟು ಮತ್ತು ಮುತ್ಯಾನ ಚೀಲ

ಇಳಕಲ್ಲಿನ ಸೀರೆ ವ್ಯಾಪಾರಿ ಮಹಾಂತಪ್ಪನವರಿಗೆ ಎಪ್ಪತ್ತೆರಡನೆಯ ವಯಸ್ಸಿಗೆ ಮೊಣಕಾಲು ಕೈಕೊಟ್ಟಿತು.

ಅಂಗಡಿಯ ಗಾದಿಯ ಮೇಲೆ ಕೂರಲು ಮೊಣಕಾಲು ಬೇಡ. ಆದರೆ ಪ್ರತಿ ಗುರುವಾರ ಚೀಲ ಹೆಗಲಿಗೇರಿಸಿ ನೇಕಾರರ ಓಣಿಗೆ ಹೋಗಲು ಬೇಕು. ಮನೆಮನೆಗೆ ನೂಲು ಮುಟ್ಟಿಸಬೇಕು, ಮಗ್ಗದಿಂದ ಇಳಿದ ಸೀರೆ ತರಬೇಕು. ನಲವತ್ತು ವರ್ಷ ಅವರು ಆ ಚೀಲವನ್ನು ಯಾರ ಕೈಗೂ ಕೊಟ್ಟಿರಲಿಲ್ಲ. ಗಾದಿಯ ಮೇಲೆ ಯಾರು ಕೂತರೂ ನಡೆದೀತು, ಅಂಗಡಿ ನಿಂತಿರುವುದು ಚೀಲದ ಮೇಲೆ ಎಂದು ಅವರಿಗೆ ಗೊತ್ತಿತ್ತು.

ಈಗ ಚೀಲ ಯಾರ ಹೆಗಲಿಗೆ? ಮನೆಯಲ್ಲಿ ಇಬ್ಬರಿದ್ದರು. ಹಿರಿಯ ಮಗನ ಮಗ ಅಮರೇಶ, ಕಿರಿಯ ಮಗನ ಮಗಳು ಶಿವಲೀಲಾ. ಇಬ್ಬರೂ ಓದು ಮುಗಿಸಿ ಅಂಗಡಿ ಹತ್ತಿದವರು. ಇಬ್ಬರಿಗೂ ಆ ಚೀಲದ ಮೇಲೆ ಕಣ್ಣು.

ಅಮರೇಶ ಚುರುಕಿನವನು. ಅವನನ್ನು ಒಂದು ಗುರುವಾರ ಕಳಿಸಿ ನೋಡಿದರು. ಮಹಾಂತಪ್ಪನವರು ದಿನವಿಡೀ ಮಾಡುತ್ತಿದ್ದ ಕೆಲಸವನ್ನು ಅವನು ಊಟದ ಹೊತ್ತಿಗೆ ಮುಗಿಸಿಕೊಂಡು ಬಂದ. ಗಿರಿಜವ್ವ ಎಂಬ ನೇಕಾರ ಹೆಂಗಸಿನ ಸೀರೆಯಲ್ಲಿ ಸೆರಗಿನ ಒಂದು ಎಳೆ ತಪ್ಪಿತ್ತು. ಅದಕ್ಕೆ ಅವಳನ್ನು ಓಣಿಯ ನಡುವೆ ನಿಲ್ಲಿಸಿ, ನಾಲ್ಕು ಮಂದಿಯ ಎದುರು ಬೈದು ಬಂದಿದ್ದ.

"ತುಟಿ ಪಿಟಕ್ ಅನ್ನಲಿಲ್ಲ ನೋಡು ಮುತ್ಯಾ. ಸುಮ್ಮನ ಸೀರಿ ಕೊಟ್ಳು" ಎಂದು ಅಜ್ಜನ ಮುಂದೆ ಹೇಳಿಕೊಂಡ.

ಮಹಾಂತಪ್ಪನವರು ಆ ಸೀರೆಯನ್ನು ಮಡಿಸಿ ಒಳಗಿಟ್ಟರು. ಮರುವಾರ ತಾವೇ ಕುಂಟುತ್ತ ಹೋದರು. ಗಿರಿಜವ್ವನ ಬಾಗಿಲು ಮುಚ್ಚಿತ್ತು. ಒಳಗೆ ಮಗ್ಗದ ಸದ್ದು ಕೇಳುತ್ತಿತ್ತು, ಬಾಗಿಲು ಮಾತ್ರ ತೆರೆಯಲಿಲ್ಲ.

ಅಂಗಡಿಗೆ ಸೋಮವಾರ ರಜೆ. ಪ್ರತಿ ವಾರ ಆ ದಿನ ಮಧ್ಯಾಹ್ನ ಇಬ್ಬರೂ ಟಿವಿಯ ಮುಂದೆ ಕೂತು ಒಂದು ವಿಡಿಯೋ ಗೇಮ್ ಆಡುತ್ತಿದ್ದರು. ಆಟದ ಕಥೆ ಸರಳ. ಮದುವೆಯ ಬಟ್ಟೆಯ ಗಂಟೊಂದನ್ನು ಬೆಟ್ಟದ ಮೇಲಿನ ಊರಿಗೆ ಮುಟ್ಟಿಸಬೇಕು. ದಾರಿಯಲ್ಲಿ ಮೊದಲು ಕೋಟೆಯ ಬಾಗಿಲು, ಅಲ್ಲೊಬ್ಬ ಕಾವಲುಗಾರ. ಆಮೇಲೆ ಹೊಳೆ, ಅಲ್ಲೊಬ್ಬ ಅಂಬಿಗ. ಕಡೆಗೆ ಕತ್ತಲ ಗವಿ, ಅಲ್ಲಿ ಪಂಜು ಹಿಡಿದ ಮುದುಕಿ. ಆಡುವವರ ಸೊಂಟದಲ್ಲಿ ಒಂದು ಕತ್ತಿ ಇರುತ್ತದೆ. ಅದನ್ನು ತೆಗೆಯಲೇಬೇಕೆಂದು ಆಟ ಎಲ್ಲೂ ಹೇಳುವುದಿಲ್ಲ.

ಅಮರೇಶ ಅರ್ಧ ತಾಸಿನಲ್ಲಿ ಗಂಟು ಮುಟ್ಟಿಸಿದ. ಕಾವಲುಗಾರನನ್ನು ಕಡಿದು ಒಳಗೆ ನುಗ್ಗಿದ. ಅಂಬಿಗ ಆಚೆ ದಡ ಮುಟ್ಟಿಸಿ, ಕೂಲಿಗೆ ಗಂಟಿನಿಂದ ಒಂದು ಶಾಲು ಕೊಡು ಎಂದ. ಅವನನ್ನೂ ಅಲ್ಲೇ ಮಲಗಿಸಿದ. ಮುದುಕಿಯನ್ನು ಇರಿದು ಪಂಜು ಕಿತ್ತುಕೊಂಡ. ಪರದೆಯ ಮೇಲೆ 'ಗೆದ್ದೆ' ಎಂಬ ಅಕ್ಷರ ಮಿಂಚಿತು. ಅವನು ಟಿವಿ ಆರಿಸಿ ಕೈ ಜಾಡಿಸಿದ.

ಶಿವಲೀಲಾ ಅದೇ ಆಟಕ್ಕೆ ಮೂರು ಸೋಮವಾರ ತೆಗೆದುಕೊಂಡಳು. ಅಂಬಿಗನ ಪಕ್ಕ ಕೂತು ಅವನ ಹರಿದ ಬಲೆ ಹೊಲಿದುಕೊಟ್ಟಳು, ಅವನು ಶಾಲಿನ ಮಾತು ಬಿಟ್ಟ. ಮುದುಕಿಗೆ ಸೌದೆ ಹೊತ್ತು ತಂದಳು, ಮುದುಕಿಯೇ ಪಂಜು ಹಿಡಿದು ಗವಿ ದಾಟಿಸಿದಳು. ಕಾವಲುಗಾರ ಮಾತ್ರ ಯಾವ ಮಾತಿಗೂ ಬಗ್ಗಿರಲಿಲ್ಲ. ಅವನು ನಿದ್ದೆಗೆ ಜಾರಿದಾಗ ಸೊಂಟದಿಂದ ಕೀಲಿಕೈ ಎಗರಿಸಿ ಬಾಗಿಲು ದಾಟಿದ್ದಳು. ಒಂದು ಹನಿ ರಕ್ತ ಬೀಳಲಿಲ್ಲ ಎಂದು ಆ ಜಾಣತನದ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ.

"ನೀ ಆಟ ಆಡಾಕತ್ತೀಯೋ, ಬೀಗತನ ಮಾಡಾಕತ್ತೀಯೋ?" ಎಂದು ಅಮರೇಶ ನಕ್ಕ. "ಮುತ್ಯಾ, ನೋಡಿದಿ ಇಲ್ಲೋ? ನಂದು ಅರ್ಧ ತಾಸು, ಈಕಿದು ಮೂರು ವಾರ. ಓಣಿನೂ ಹಿಂಗ ಗೆಲ್ಲೂದು. ಚೀಲ ಯಾರಿಗೆ ಅಂತ ಈಗರ ಹೇಳು."

ಮಹಾಂತಪ್ಪನವರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ತಲೆ ಎತ್ತದೆ ಕೇಳಿದರು. "ಗಂಟು ಮುಟ್ಟಿಸಿದಿ. ಬರೋಬ್ಬರಿ. ತಿರುಗಿ ಮನಿಗೆ ಹ್ಯಾಂಗ ಬಂದಿ?"

"ತಿರುಗಿ ಯಾಕ ಬರಬೇಕು? ಗೆದ್ದೆ ಅಂತ ಬಂತಲ್ಲ, ಆಟ ಮುಗೀತು."

"ಟಿವಿ ನೀ ಆರಿಸಿದಿ ತಮ್ಮಾ. ಆಟ ಮುಗದಿಲ್ಲ. ನಿನ್ನ ಗೊಂಬಿ ಇನ್ನೂ ಬೆಟ್ಟದ ಮ್ಯಾಲ ನಿಂತೈತಿ. ವ್ಯಾಪಾರಿ ಮಾಲು ಕೊಟ್ಟು ಅಲ್ಲೇ ಸಂಸಾರ ಹೂಡತಾನೇನು?" ಅವರು ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟರು. "ಇಬ್ಬರೂ ಹೋದ ದಾರಿಯಾಗ ತಿರುಗಿ ಬರ್ರಿ. ಯಾರು ಮನಿ ಮುಟ್ಟತೀರೋ ಅವರಿಗೆ ಚೀಲ."

ಅಮರೇಶನಿಗೆ ಇನ್ನೇನು ಬೇಕು? ಮೊದಲು ತಾನೇ ಕೂತ.

ಗವಿಯ ಬಾಯಿಗೆ ಬಂದ. ಕಿತ್ತುಕೊಂಡಿದ್ದ ಪಂಜು ಉರಿದು ಬೂದಿಯಾಗಿತ್ತು. ಗೋಡೆ ತಡವುತ್ತ, ಮೂರು ಸಲ ಬಿದ್ದು ಎದ್ದು, ಹೇಗೋ ಹೊಳೆಯ ದಡಕ್ಕೆ ಬಂದ. ದೋಣಿ ಗೂಟಕ್ಕೆ ಕಟ್ಟಿದ ಹಾಗೇ ಇತ್ತು. ಹುಟ್ಟು ಹಾಕುವವನಿರಲಿಲ್ಲ. ಹೊಳೆ ತುಂಬಿ ಹರಿಯುತ್ತಿತ್ತು. ತಾನೇ ಹುಟ್ಟು ಹಿಡಿದ, ದೋಣಿ ತಿರುಗಿ ತಿರುಗಿ ಅದೇ ದಡಕ್ಕೆ ಬಂದು ಬಡಿಯಿತು. ಕತ್ತಿ ತೆಗೆದು ಬೀಸಿದ. ನೀರನ್ನು ಎಷ್ಟು ಕಡಿದರೇನು?

"ಆ ಅಂಬಿಗನ ಹೆಸರೇನು?" ಮಹಾಂತಪ್ಪನವರು ಕೇಳಿದರು.

"ಯಾಂವಗ ಗೊತ್ತು?"

"ತಿಪ್ಪಣ್ಣ" ಎಂದಳು ಶಿವಲೀಲಾ. "ಬಲಿ ಹೊಲೀವಾಗ ಹೇಳಿದ್ದ."

ಅಮರೇಶ ಮುಕ್ಕಾಲು ತಾಸು ಆ ದಡದಲ್ಲೇ ಕಳೆದ. ಕೊನೆಗೆ ಕಂಟ್ರೋಲರ್ ಅವಳ ಮಡಿಲಿಗೆ ಒಗೆದ.

ಶಿವಲೀಲಾಳಿಗಾಗಿ ಗವಿಯ ಬಾಯಲ್ಲೇ ಮುದುಕಿ ಪಂಜು ಹಿಡಿದು ನಿಂತಿದ್ದಳು. ಹೊಳೆಯಲ್ಲಿ ತಿಪ್ಪಣ್ಣ ದೂರದಿಂದಲೇ ಕೈಬೀಸಿ ದೋಣಿ ಬಿಚ್ಚಿದ. ಅವಳ ಮುಖ ಅರಳಿತು. ಕೋಟೆಯ ಬಾಗಿಲಿಗೆ ಬಂದಾಗ ಮಾತ್ರ ಬಣ್ಣ ಇಳಿಯಿತು. ಹೊಸ ಬೀಗ, ಹೊಸ ಕಾವಲುಗಾರ. ಕೀಲಿಕೈ ಕಳೆದವನೆಂದು ಹಳೆಯವನ ಕೆಲಸ ಹೋಗಿತ್ತು. ಅವನು ಬಾಗಿಲ ಹೊರಗೆ ಮಣ್ಣಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಕಳ್ಳ ಸಿಗುವವರೆಗೂ ಬಾಗಿಲು ತೆರೆಯುವುದಿಲ್ಲ ಎಂದ ಹೊಸಬ.

ಅಮರೇಶ ಎದ್ದು ಕೂತ. "ಈಗೇನ್ ಮಾಡ್ತೀಯವಾ? ಅವಂದೂ ಬಲಿ ಹೊಲೀತೀಯೇನು? ತೆಗಿ ಕತ್ತಿ! ಒಂದ ಏಟು, ಮನಿ ಬಂತು!"

ಅದು ಸುಳ್ಳಲ್ಲ. ಬಾಗಿಲ ಸಂದಿಯಲ್ಲಿ ಆಚೆ ಮನೆ ಕಾಣುತ್ತಿತ್ತು. ಕತ್ತಿ ಸೊಂಟದಲ್ಲಿತ್ತು. ನೋಡುವವರು ಮನೆಯವರೇ ಇಬ್ಬರು. ಸೊಂಟದ ಇನ್ನೊಂದು ಮಗ್ಗುಲಲ್ಲಿ ಕದ್ದ ಕೀಲಿಕೈ ಇತ್ತು. ಅದನ್ನು ಕೊಟ್ಟರೆ ತಾನೇ ಕಳ್ಳಿ ಎಂದು ಒಪ್ಪಿಕೊಂಡ ಹಾಗೆ. ಒಪ್ಪಿಕೊಂಡವರನ್ನು ಈ ಆಟ ಏನು ಮಾಡುತ್ತದೋ ಅವಳಿಗೆ ತಿಳಿಯದು. ಮೂರು ವಾರದ ಆಟವೂ, ಜೊತೆಗೆ ಚೀಲವೂ ಹೋಗಬಹುದು. ಮುತ್ಯಾನ ಮುಖ ನೋಡಿದಳು. ಅವರು ಟಿವಿ ನೋಡುತ್ತಿದ್ದರು, ಅವಳನ್ನಲ್ಲ.

ಶಿವಲೀಲಾ ಕೀಲಿಕೈ ತೆಗೆದು ಮಣ್ಣಿನಲ್ಲಿ ಕೂತವನ ಮುಂದೆ ಇಟ್ಟಳು.

ಹೊಸ ಕಾವಲುಗಾರ ಅವಳ ಗೊಂಬೆಯನ್ನು ಹಿಡಿದು ಬಂದೀಖಾನೆಗೆ ದಬ್ಬಿದ. ಪರದೆಯ ತುಂಬ ಕಬ್ಬಿಣದ ಸರಳು. ಅಮರೇಶ ತೊಡೆ ತಟ್ಟಿಕೊಂಡು ನಕ್ಕ. "ಹೋತು ಬಿಡು, ಮುಗೀತು!" ಎಂದು ಟಿವಿ ಆರಿಸಲು ಕೈ ಚಾಚಿದ.

"ಕೈ ತಗಿ" ಎಂದರು ಮಹಾಂತಪ್ಪನವರು. "ಒಮ್ಮೆ ಆರಿಸಿ ಏನಾತು, ನೋಡಿದಿಯಲ್ಲ."

ಕೂತರು. ಆಟದಲ್ಲಿ ಮೂರು ದಿನ ಕಳೆಯಿತು, ಮನೆಯಲ್ಲಿ ಒಂದು ಕಪ್ ಚಹಾ ಮುಗಿಯಿತು. ಆಮೇಲೆ ಸರಳಿನಾಚೆ ಹೆಜ್ಜೆಯ ಸದ್ದಾಯಿತು. ಬಂದವನು ಹಳೆಯ ಕಾವಲುಗಾರ, ಕೆಲಸದ ಬಟ್ಟೆಯಲ್ಲಿ. ಕೀಲಿಕೈ ಸಿಕ್ಕಿ ಅವನ ಮಾನ ತಿರುಗಿ ಬಂದಿತ್ತು. ಅವಳನ್ನು ಬಿಡಿಸಿ, ಹೊಸ ಬೀಗ ತೆಗೆದು ಕೋಟೆಯ ಬಾಗಿಲನ್ನು ಎರಡೂ ಕದ ಹಾರುಹೊಡೆದು ತೆರೆದ. "ಮುಂದಿನ ಸಲ ಎಬ್ಬಿಸಿ ಕೇಳು" ಎಂದು ಪರದೆಯ ಮೇಲೆ ಬಂತು.

ಶಿವಲೀಲಾ ಮನೆ ಮುಟ್ಟಿದಳು.

ಅಮರೇಶ ಖಾಲಿ ಚಹಾದ ಕಪ್ ಅತ್ತಿತ್ತ ತಿರುಗಿಸಿದ. ಆಮೇಲೆ, "ಅವು ಗೊಂಬಿ ಮುತ್ಯಾ. ಗೊಂಬಿ ಕಡದರ ಪಾಪ ಹತ್ತತೈತೇನು?" ಎಂದ.

"ನಾ ಪಾಪದ ಮಾತು ಎಲ್ಲಿ ಆಡೀನಿ? ಗೊಂಬಿ ಸತ್ತರ ನಾ ಅಳೂದಿಲ್ಲ. ಆದರ ಕೈಗೆ ಹತ್ತಿದ ರೂಢಿ ಗೊಂಬಿ ಅಲ್ಲ. ನೀ ದಾರಿಯಾಗ ಕಂಡವರನ್ನೆಲ್ಲ ಅಡ್ಡಿ ಅಂದಿ. ಅವರಽ ದಾರಿ ಆಗಿದ್ದರು." ಮಹಾಂತಪ್ಪನವರು ಗೋಡೆಯ ಗೂಟದಿಂದ ಚೀಲ ಇಳಿಸಿ ಶಿವಲೀಲಾಳ ಹೆಗಲಿಗೆ ಹಾಕಿದರು. ಪಟ್ಟಿ ಅವಳಿಗೆ ಉದ್ದವಾಯಿತು. ಒಂದು ಗಂಟು ಹಾಕಿ ಸರಿಮಾಡಿದರು. "ಕೀಲಿಕೈ ಕದ್ದಿದ್ದು ನಾ ಮರೆತಿಲ್ಲ ಮತ್ತ" ಎಂದೂ ಸೇರಿಸಿದರು.

ಗುರುವಾರ ಬೆಳಿಗ್ಗೆ ಅವಳು ಹೊರಟಾಗ ಅಮರೇಶ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದ.

"ನೀ ಎಲ್ಲಿಗಣ್ಣಾ?"

"ಗಿರಿಜವ್ವನ ಮನಿತನಾ ಬರ್ತೀನಿ. ಆಟದಾಗಿನ ಅಂಬಿಗ ಸತ್ತು ಹೋದ, ಆಕಿ ಇನ್ನೂ ಅದಾಳ. ಆ ಬಾಗಲಾ ನಾನಽ ಬಡೀಬೇಕು."

ಶಿವಲೀಲಾ ಅವನನ್ನು ಒಮ್ಮೆ ನೋಡಿದಳು. "ಮೆಲ್ಲಕ ಬಡಿ" ಎಂದಳು.

ಸಂಜೆಗೆ ಮಹಾಂತಪ್ಪನವರು ಗಾದಿಯಿಂದ ಕತ್ತು ಚಾಚಿ ನೋಡಿದರು. ಬಜಾರಿನ ತಿರುವಿನಲ್ಲಿ ಇಬ್ಬರೂ ಬರುತ್ತಿದ್ದರು. ತುಂಬಿದ ಚೀಲ ಅವಳ ಹೆಗಲಲ್ಲಿ. ಗಿರಿಜವ್ವನ ಹೊಸ ಸೀರೆ ಅಮರೇಶನ ಎರಡೂ ಅಂಗೈ ಮೇಲೆ. ಅವರು ಸೀರೆ ಬಿಡಿಸಿ ಸೆರಗಿನ ಎಳೆ ಒಂದೊಂದೇ ನೋಡಿದರು. ಒಂದೂ ತಪ್ಪಿರಲಿಲ್ಲ. ತಲೆಯ ರುಮಾಲು ಸರಿಪಡಿಸಿಕೊಂಡು, ಪಕ್ಕದ ಅಂಗಡಿಯವನಿಗೆ ಕೇಳುವಷ್ಟು ದೊಡ್ಡ ದನಿಯಲ್ಲಿ ಹೇಳಿದರು.

"ನಮ್ಮ ಮೊಮ್ಮಕ್ಕಳು. ಹೋಗಾಕಷ್ಟ ಅಲ್ಲ, ತಿರುಗಿ ಬರಾಕೂ ಕಲತಾರ."

ನೀತಿ: ಹೋದ ದಾರಿಯಲ್ಲೇ ತಲೆಯೆತ್ತಿ ಮರಳಿ ಬರಲು ಆದರೆ ಮಾತ್ರ ಅದು ಗೆಲುವು. ಆಟವಿರಲಿ, ಅಂಗಡಿಯಿರಲಿ, ದಾರಿಯಲ್ಲಿ ಸಿಕ್ಕವರನ್ನು ಕಡಿಯುತ್ತ ಹೋದವನು ಬೇಗ ಮುಟ್ಟುತ್ತಾನೆ, ಆದರೆ ಅಲ್ಲೇ ಉಳಿಯುತ್ತಾನೆ. ಮೋಸದಿಂದ ದಾಟಿದ ಬಾಗಿಲಿದ್ದರೆ ಕೀಲಿಕೈಯನ್ನು ನಿಮ್ಮ ಕೈಯಾರೆ ಹಿಂದಿರುಗಿಸಿ. ಆ ಬಾಗಿಲಿಗೆ ನಾಳೆಯೂ ಹೋಗುವುದಿದೆ.