ಕೇಳುವ ಜಾಗ

“ಗುರುಗಳೇ, ಮನೆಯಲ್ಲೇ ಧ್ವನಿಮುದ್ರಣಕ್ಕೆ ಒಂದು ಕೋಣೆ ಮಾಡಿಕೊಳ್ಳುತ್ತಿದ್ದೇನೆ. ನಾದ ಶುದ್ಧವಾಗಿ ಕೇಳಬೇಕಾದರೆ ಎಲ್ಲಿ ಕೂರಬೇಕು?” ಎಂದು ಶಿಷ್ಯ ಕೇಳಿದ.

ಗುರುಗಳು ಶ್ರುತಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಹೇಳತೊಡಗಿದರು.

ಒಬ್ಬ ಗಾಯಕನಿದ್ದ. ಅವನಿಗೆ ತಾಳ ಕಲಿಸಿದವಳು ಅವನ ಅಕ್ಕ. ಕಾಯಿಲೆಯೊಂದು ಅವಳ ಮಾತನ್ನೂ ನಡೆಯುವ ಶಕ್ತಿಯನ್ನೂ ಕಸಿದುಕೊಂಡಿತ್ತು. ಪಕ್ಕದ ಕೋಣೆಯಲ್ಲಿ ಕಬ್ಬಿಣದ ಮಂಚದ ಮೇಲೆ ಮಲಗಿರುತ್ತಿದ್ದಳು. ನಡುಗೋಡೆಯಲ್ಲಿ ಒಂದು ಕಿಟಕಿ ಇತ್ತು. ತಮ್ಮ ಹಾಡುವಾಗ ಅವಳು ಉಂಗುರದ ಬೆರಳಿನಿಂದ ಮಂಚದ ಸರಳಿಗೆ ತಟ್ಟಿ ತಾಳ ಹಾಕುತ್ತಿದ್ದಳು. ಅವಳ ತಾಳ ಒಮ್ಮೆಯೂ ತಪ್ಪುತ್ತಿರಲಿಲ್ಲ. ಆದ್ದರಿಂದ ತಾಳ ಬಿಟ್ಟು ತಟ್ಟಿದರೆ ಅದು ಕರೆ. ಅವನು ಹಾಡು ನಿಲ್ಲಿಸಿ ಕಿಟಕಿಯತ್ತ ನೋಡುತ್ತಿದ್ದ.

ಹಾಡು ಮುದ್ರಿಸಿಕೊಳ್ಳಲು ಗಾಯಕ ಒಂದು ಮೈಕನ್ನೂ ಎರಡು ಸ್ಪೀಕರುಗಳನ್ನೂ ಕಂಪ್ಯೂಟರಿನ ದೊಡ್ಡ ಪರದೆಯನ್ನೂ ತಂದ. ಕೂರಿಸಲು ಬಂದ ಕೆಲಸಗಾರ ದಾರ ಹಿಡಿದು ಅಳೆದ. ಒಂದು ಸ್ಪೀಕರಿನಿಂದ ಇನ್ನೊಂದಕ್ಕೆ ಎಷ್ಟು ದೂರವೋ, ಎರಡರಿಂದಲೂ ಕೇಳುವವನ ತಲೆಗೆ ಅಷ್ಟೇ ದೂರ. ಸ್ಪೀಕರಿನ ಬಾಯಿ ಕಿವಿಯ ಎತ್ತರಕ್ಕೆ. ಪರದೆ ಎರಡರ ನಡುವೆ. ಆ ಅಳತೆಗೆ ಪರದೆ ಕಿಟಕಿಯ ಮುಂದೆಯೇ ಬಂತು.

“ಕಿಟಕಿ ಮುಚ್ಚಿಹೋಯ್ತಲ್ಲಪ್ಪ. ಅಕ್ಕ ಕಾಣೋದಿಲ್ಲ.”

“ಅಕ್ಕನ್ನ ನೋಡೋಕೆ ಇಷ್ಟೆಲ್ಲ ಯಾಕೆ ತಂದ್ರಿ ಸ್ವಾಮಿ? ಒಂದು ಗೇಣು ಸರಿಸಿದ್ರೂ ನಾನು ಅಳೆದದ್ದೆಲ್ಲ ದಂಡ.”

ಗಾಯಕ ನಕ್ಕ. “ಇರಲಿ ಬಿಡು. ತಟ್ಟಿದರೆ ಕೇಳಿಸುತ್ತಲ್ಲ” ಎಂದ.

ಮರುದಿನ ಬೆಳಿಗ್ಗೆ ಅಕ್ಕನಿಗೆ ಗಂಜಿ ಕುಡಿಸಿ ಬಂದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮೈಕಿನ ಮುಂದೆ ಕಣ್ಣು ಮುಚ್ಚಿ ಹಾಡಿದ. ಹಾಡು ಮುಗಿದ ಮೇಲೆ, ಅಳೆದು ಗುರುತು ಮಾಡಿದ ಜಾಗದಲ್ಲಿ ಕೂತು ಸ್ಪೀಕರಿನಲ್ಲಿ ಅದನ್ನು ಕೇಳಿದ. ಉಸಿರು ಎಳೆದದ್ದೂ ಕೇಳಿಸಿತು. ಅಷ್ಟು ಸ್ಪಷ್ಟವಾಗಿ ಅವನು ತನ್ನನ್ನು ಎಂದೂ ಕೇಳಿರಲಿಲ್ಲ.

ಹಾಡಿನ ನಡುವೆ ಟಣ್ ಎಂದಿತು. ಪರದೆಯ ಮೇಲೆ ಹಾಡು ಗೆರೆಯಾಗಿ ಸಾಗುತ್ತಿತ್ತು. ಆ ಗೆರೆಯಲ್ಲಿ ಮುಳ್ಳಿನಂತೆ ಒಂದು ಮೊನೆ ಎದ್ದಿತ್ತು. ಅದು ತಾಳದ ಗುರುತಿನ ಮೇಲೆ ಬಿದ್ದಿರಲಿಲ್ಲ. ಮುಂದೆ ಇನ್ನೊಂದು. ಆಮೇಲೆ ಎರಡು, ಒಟ್ಟಿಗೆ.

“ಏನಕ್ಕಾ, ನಿನಗೂ ತಾಳ ತಪ್ಪಿತಾ?” ಎಂದು ಗೋಡೆಯತ್ತ ಗೇಲಿ ಮಾಡಿ, ಅವುಗಳನ್ನು ಒಂದೊಂದಾಗಿ ಅಳಿಸಿದ. ಒಟ್ಟು ಒಂಬತ್ತು ಇದ್ದವು. ಕೊನೆಯದು ಬಹಳ ಸಣ್ಣದು. ಗೆರೆಯನ್ನು ದೊಡ್ಡದು ಮಾಡಿ, ಹುಡುಕಿ ಅಳಿಸಬೇಕಾಯಿತು.

ಹಾಡು ಶುದ್ಧವಾಯಿತು. ಅಕ್ಕನಿಗೆ ಅದನ್ನು ಕೇಳಿಸುತ್ತೇನೆಂದು ಹೇಳಲು ಅವಳ ಕೋಣೆಗೆ ಓಡಿದ. ಅವಳು ಮಂಚದ ಅಂಚಿಗೆ ಜಾರಿದ್ದಳು. ಉಂಗುರದ ಬೆರಳು ಸರಳಿನ ಮೇಲೆಯೇ ಇತ್ತು. ಉಸಿರಿರಲಿಲ್ಲ. ಕೈ ಇನ್ನೂ ಬೆಚ್ಚಗಿತ್ತು.

ಶಿಷ್ಯ ಕೇಳಿದ: “ಹಾಗಾದರೆ ಗುರುಗಳೇ, ಆ ಕೆಲಸಗಾರನ ಅಳತೆ ತಪ್ಪಿತ್ತೇ?”

“ಕೂದಲೆಳೆಯಷ್ಟೂ ತಪ್ಪಿರಲಿಲ್ಲ, ಅಲ್ಲಿ ಕೂತವನಿಗೆ ಒಂಬತ್ತು ಏಟೂ ಕೇಳಿಸಿದ್ದವು.”