ಕುಂಕುಮದ ಕೆಳಗಿನ ಗಂಟು

ಹೊದಿಕೆ ಒದೀಬೇಡ, ಹೇಳ್ತೀನಿ. ನಡುನಡುವೆ ಬಾಯಿ ಹಾಕಿದ್ರೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ, ಆಮೇಲೆ ಅಳಬಾರದು.

ಒಂದಾನೊಂದು ಕಾಲದಲ್ಲಿ, ಅಂದ್ರೆ ಉಪ್ಪು ಅಂಗಡೀಲಿ ಪೊಟ್ಟಣದಲ್ಲಿ ಸಿಗದೆ ಕುದುರೆ ಬೆನ್ನ ಮೇಲೆ ಊರೂರಿಗೆ ಬರ್ತಿದ್ದ ಕಾಲದಲ್ಲಿ, ಗುಡ್ಡದ ಬುಡದ ಒಂದೂರಲ್ಲಿ ಓಬಳಪ್ಪ ಅಂತ ಒಬ್ಬ ಉಪ್ಪಿನವನಿದ್ನಂತೆ. ಅವನಿಗೆ ಮೂರು ಜನ ಗಂಡುಮಕ್ಕಳು, ಒಂದು ಹೆಣ್ಣು ಕುದುರೆ. ಕುದುರೆ ಹೆಸರು ಕೆಂಚಿ. ಉಪ್ಪು ತೆಗೆಯೋ ಬಯಲಿಗೆ ಹೋಗೋದು, ಕೆಂಚಿ ಬೆನ್ನ ಎರಡೂ ಪಕ್ಕಕ್ಕೆ ಗೋಣಿ ಹೇರೋದು, ಗೋಣಿ ಹಿಂದಕ್ಕೆ ಜಾರದ ಹಾಗೆ ಅವಳ ಎದೆ ಮೇಲೆ ಒಂದು ಪಟ್ಟಿ ಬಿಗಿಯೋದು, ಊರೂರು ತಿರುಗಿ ಉಪ್ಪು ಅಳೆದು ಕೊಟ್ಟು ರಾಗಿ ಅಳಿಸ್ಕೊಂಡು ಬರೋದು, ಇದೇ ಅವನ ಬದುಕಂತೆ.

ಕೆಂಚೀನ ಆರಿಸಿದ್ದು ಓಬಳಪ್ಪ ಅಲ್ಲ, ಅವನ ಹೆಂಡ್ತಿ ತಿಪ್ಪಮ್ಮ. ಮರಿಯಾಗಿದ್ದಾಗ ಕೊರಳು ಎದೆ ಸೇರೋ ಜಾಗದಲ್ಲಿ ಕೂದಲು ಸುತ್ತಿ ಸುತ್ತಿ ಒಂದು ಸುಳಿ ಬಿದ್ದಿತ್ತಂತೆ. ಅದಕ್ಕೆ ದೇವಮಣಿ ಸುಳಿ ಅಂತಾರೆ. ಅದು ಇರೋ ಕುದುರೆ ಮನೇಲಿದ್ರೆ ಮನೇಗೆ ಕೇಡಿಲ್ಲ ಅಂತ ಹಿಂದಿನವರ ನಂಬಿಕೆ. ತಿಪ್ಪಮ್ಮ ದಿನಾ ಬೆಳಗ್ಗೆ ಮುಖ ತೊಳ್ಕೊಂಡವಳೇ ಮೊದಲು ಹೊಸ್ತಿಲಿಗೆ ಕುಂಕುಮ ಇಟ್ಟು, ಆಮೇಲೆ ಆ ಸುಳಿಗೆ ಇಟ್ಟು, ಉಳಿದದ್ದನ್ನ ತನ್ನ ಹಣೆಗೆ ಇಟ್ಕೊಳ್ತಿದ್ಲಂತೆ. ಅವಳು ತೀರಿಹೋದ ಮೇಲೆ ಓಬಳಪ್ಪ ಕುಂಕುಮದ ಭರಣಿ ಕೈಗೆ ತಗೊಂಡ. ದಿನಾ ಬೆಳಗ್ಗೆ ಹೋಗಿ ಹೆಬ್ಬೆರಳಲ್ಲಿ ಉಜ್ಜಿ ಉಜ್ಜಿ ಇಡ್ತಿದ್ನಂತೆ. ಗಂಡಸಿನ ಕೈ, ಕುಂಕುಮ ಇಡೋದು ಹೇಗೆ ಅಂತ ಗೊತ್ತಿಲ್ಲ, ಗೋಡೆಗೆ ಕೆಮ್ಮಣ್ಣು ಬಳಿದ ಹಾಗೆ ಬಳಿಯೋದು. ಆದ್ರೂ ಒಂದು ದಿನವೂ ತಪ್ಪಿಸಿದವನಲ್ಲ. ಹೆಂಡ್ತಿ ಮೇಲೆ ಅಷ್ಟು ಪ್ರೀತಿ.

ಆಮೇಲೆ ಏನಾಯ್ತು ಅಂದ್ರೆ, ಆ ಕುಂಕುಮದ ಕೆಳಗೆ ಒಂದು ಗಂಟು ಎದ್ದಿತಂತೆ. ಮೊದಲು ಕಡಲೆಕಾಳಿನಷ್ಟು. ಕುಂಕುಮ ಮೆತ್ತಿದ್ದಕ್ಕೆ ಯಾರಿಗೂ ಕಾಣಲಿಲ್ಲ. ಆಮೇಲೆ ನಿಂಬೆಹಣ್ಣಿನಷ್ಟು. ಆಮೇಲೆ ಒಂದು ದಿನ ಎದೆಪಟ್ಟಿ ಬಿಗಿದಾಗ ಕೆಂಚಿ ಕಿರುಚಿ ಹಿಂದಕ್ಕೆ ಹಾರಿದ್ಲು, ನೋಡಿದ್ರೆ ಪಟ್ಟಿ ತುಂಬ ರಕ್ತ. ಅಷ್ಟು ಕೆಂಪಿದ್ರೂ ಕುಂಕುಮ ಅಂದ್ಕೊಂಡಿದ್ರಂತೆ, ಕಣ್ಣಿದ್ದೂ ಕುರುಡರು.

ಹೆದರ್ಕೋಬೇಡ. ಅದು ಹುಣ್ಣಲ್ಲ, ಕುರುವಲ್ಲ, ಕುದುರೆ ಚರ್ಮಕ್ಕೆ ಬರೋ ಒಂದು ಥರದ ದುರ್ಮಾಂಸ. ನಿಮ್ಮಪ್ಪನ ಕೈಲಿ ನರಹುಲಿ ಇತ್ತಲ್ಲ, ಅದರ ದೊಡ್ಡಪ್ಪ ಅಂತ ಇಟ್ಕೋ. ನೋಡಿದ್ದನ್ನೇ ಹೇಳ್ತಿದೀನಿ, ನಮ್ಮಜ್ಜನ ಕುದುರೆಗೂ ಆಗಿತ್ತು.

ಓಬಳಪ್ಪ ಮೂರು ಮಕ್ಕಳನ್ನೂ ಕರೆದು, ಏನಾದ್ರೂ ಮದ್ದು ಹಾಕ್ರಪ್ಪ, ಆದ್ರೆ ಒಂದು ಮಾತು, ನಡುವೆ ಇರೋ ಸುಳಿ ಮಾತ್ರ ಯಾರೂ ಮುಟ್ಟಕೂಡದು, ಅದು ನಿಮ್ಮವ್ವನ ಕೈ ಬಿದ್ದ ಜಾಗ, ಅಂದ್ನಂತೆ. ಆಗಲಪ್ಪ ಅಂದ್ರಂತೆ ಮೂರೂ ಜನ.

ದೊಡ್ಡ ಮಗ ಸುಣ್ಣಕ್ಕೆ ಬೆಲ್ಲ ಕಲಸಿ ಬಿಸಿಮಾಡಿ, ರೊಟ್ಟಿ ಹಾಗೆ ಗಂಟಿನ ಮೇಲೆ ತಟ್ಟಿ, ನಡುವೆ ಸುಳಿ ಇರೋ ಕಡೆ ಬೆರಳಲ್ಲಿ ತೂತು ಮಾಡಿ ಬಿಟ್ನಂತೆ. ಬೆಲ್ಲದ ವಾಸನೆಗೆ ಊರಿನ ನೊಣವೆಲ್ಲ ಕೆಂಚಿ ಎದೆ ಮೇಲೆ ಸಂತೆ ನೆರೆದವಂತೆ. ಅವಳು ಬಾಲ ಬೀಸೀ ಬೀಸೀ ಸುಸ್ತಾದ್ಲು. ಆದ್ರೆ ಬಾಲ ಎದೇವರೆಗೆ ಬರುತ್ತಾ? ಪಾಪ. ಗಂಟು ಒಂದಿಷ್ಟೂ ಕರಗಲಿಲ್ಲವಂತೆ.

ಆಮೇಲೆ ನಡುವಿನ ಮಗ ಬಂದು, ನಿನ್ನ ಬೆಲ್ಲ ಹಬ್ಬಕ್ಕೆ ಇಟ್ಕೋ ಅಣ್ಣ, ಇದಕ್ಕೆ ಎಕ್ಕದ ಹಾಲೇ ಸೈ, ಅಂತ ಬೇಲಿ ಎಕ್ಕ ಮುರಿದು ಸುಳಿ ಬಿಟ್ಟು ಸುತ್ತ ಹಾಲು ಸುರಿದ್ನಂತೆ. ನೀನು ಎಕ್ಕ ಮುಟ್ಟಿ ಕಣ್ಣುಜ್ಜಬೇಡ, ಕಣ್ಣೇ ಹೋಗುತ್ತೆ, ನೆನಪಿಟ್ಕೋ. ಅವನು ಹಾಲನ್ನ ತೊಟ್ಟು ತೊಟ್ಟಾಗಿ ಇಟ್ಟನಾ? ಇಲ್ಲ, ಸುರಿದ. ಹಾಲು ಹರಿದು ಎದೆ ಮೇಲಿಂದ ಮುಂಗಾಲಿನವರೆಗೂ ಇಳಿದು ಒಳ್ಳೆ ಚರ್ಮವೆಲ್ಲ ಬೆಂದು ಕೂದಲು ಉದುರಿತಂತೆ. ಕೆಂಚಿ ಒದ್ದ ಏಟಿಗೆ ನಡುವಿನ ಮಗ ಎಂಟು ದಿನ ಕುಂಟಿದ. ಸರಿಯಾಗೇ ಆಯ್ತು ಅವನಿಗೆ.

ಆಮೇಲೆ ಚಿಕ್ಕ ಮಗ. ಏನು? ಮೂರನೆಯವನು ಗೆಲ್ತಾನೆ ಅಂತೀಯಾ? ಎಲ್ಲ ಕತೇಲೂ ಹಾಗೇ ಆಗಬೇಕು ಅಂತ ಬರೆದಿಟ್ಟಿದಾರಾ? ಕೇಳು. ಅವನು ಬುದ್ಧಿವಂತನೇ. ಮನುಷ್ಯರ ನರಹುಲಿಗೆ ಕುದುರೆ ಬಾಲದ ಕೂದಲು ಕಟ್ತೀವಲ್ಲ, ಕುದುರೆ ನರಹುಲಿಗೆ ಕುದುರೆ ಕೂದಲೇ ಆಗಲಿ ಅಂತ ಕೆಂಚಿ ಬಾಲದಿಂದಲೇ ನಾಲ್ಕು ಎಳೆ ಕಿತ್ತು ಹೊಸೆದು, ಸುಳಿ ಕೆಳಗೆ ಜೋತುಬಿದ್ದಿದ್ದ ಗಂಟಿಗೆ ಬಿಗಿದು ಕಟ್ಟಿದ್ನಂತೆ. ಹನ್ನೆರಡನೇ ದಿನಕ್ಕೆ ಗಂಟು ಒಣಗಿ ಬಿತ್ತು! ಮನೇಲಿ ಪಾಯಸ ಮಾಡಿ ಉಂಡ್ರಂತೆ. ಓಬಳಪ್ಪ ಹೋಗಿ ಉಳಿದ ಸುಳಿಗೆ ಎರಡು ಪಟ್ಟು ಕುಂಕುಮ ಮೆತ್ತಿದ.

ಒಂದು ತಿಂಗಳಿಗೆ ಅದೇ ಜಾಗದಲ್ಲಿ ಮುಷ್ಟಿಯಷ್ಟು ಎದ್ದಿತಂತೆ.

ಆಮೇಲೆ ಕೆಂಚಿ ಮಲಗೋದು ಬಿಟ್ಲು. ಮಲಗಿದ್ರೆ ಗಂಟು ನೆಲಕ್ಕೆ ಒತ್ತಿ ನೋವು. ನಿಂತೇ ತೂಕಡಿಸೋದು, ಮೇವು ಮೂಸಿ ಬಿಡೋದು, ಪಕ್ಕೆಲುಬು ಎಣಿಸೋ ಹಾಗಾಯ್ತಂತೆ. ಹೇರು ಹೊರೋ ಮಾತೇ ಇಲ್ಲ. ಆಗ ಮಕ್ಕಳು ಮೂರೂ ಜನ ಅಪ್ಪನ ಮುಂದೆ ನಿಂತು, ಇನ್ನು ಇದು ಉಳಿಯಲ್ಲಪ್ಪ, ನಮ್ಮ ಕಣ್ಣ ಮುಂದೆ ಸಾಯೋದು ಬೇಡ, ಹುಣ್ಣಿಮೆ ಕಳೆದ ಮೇಲೆ ಗುಡ್ಡಕ್ಕೆ ಹೊಡೆದು ಬಿಟ್ಟುಬಿಡೋಣ, ಅಂದ್ರಂತೆ. ಗುಡ್ಡದಲ್ಲಿ ತೋಳ ಇದ್ದವು. ಅದು ಅವರಿಗೂ ಗೊತ್ತು, ಅವನಿಗೂ ಗೊತ್ತು. ಓಬಳಪ್ಪ ಎದ್ದು ಹೋಗಿ ಕೆಂಚಿ ಮುಂದೆ ಹಸಿ ಹುಲ್ಲು ಹಾಕಿದ. ಹುಣ್ಣಿಮೆಗೆ ಇನ್ನು ಹದಿನಾಲ್ಕು ದಿನ.

ಆ ಊರಲ್ಲಿ ಬಟ್ಟೆ ಒಗೆಯೋ ಮಾಚಮ್ಮ ಅಂತ ಇದ್ಲಂತೆ. ಊರವರ ಬಟ್ಟೆ ಯಾರದು ಯಾವುದು ಅಂತ ಗೊತ್ತಾಗೋಕೆ ಕರಿಗೇರಿನ ರಸದಲ್ಲಿ ಮೂಲೆಗೊಂದು ಚುಕ್ಕಿ ಇಡೋಳು. ಕರಿಗೇರು ಅಂದ್ರೆ ಕಾಡಲ್ಲಿ ಬಿಡೋ ಒಂದು ಕಪ್ಪು ಕಾಯಿ, ಕೆಂಡದಂಥಾದ್ದು, ಬಟ್ಟೆ ಮೇಲೆ ಬಿದ್ರೆ ಹೋಗದ ಕಲೆ, ಮೈ ಮೇಲೆ ಬಿದ್ರೆ ಸುಟ್ಟ ಬೊಬ್ಬೆ. ಆದ್ರೆ ಮಾಚಮ್ಮನ ಬೆರಳಲ್ಲಿ ಒಂದು ಗುಳ್ಳೆಯೂ ಇರಲಿಲ್ಲವಂತೆ. ಅವಳು ಕೆರೆಯಿಂದ ಬರ್ತಾ ಕೆಂಚೀನ ನೋಡಿ ನಿಂತು, ಓಬಳಣ್ಣ, ನನ್ನ ಕತ್ತೆಗೂ ಹೀಗೇ ಆಗಿತ್ತು, ವಾಸಿಮಾಡಿದೀನಿ, ಇದನ್ನೂ ಮಾಡಬಹುದು, ಆದ್ರೆ ಮೊದಲು ಆ ಕುಂಕುಮ ತೊಳಿ, ಅಂದ್ಲಂತೆ.

ಕುಂಕುಮಕ್ಕೂ ಗಂಟಿಗೂ ಏನಮ್ಮ ಸಂಬಂಧ ಅಂದ ಓಬಳಪ್ಪ.

ದಿನಾ ಉಜ್ಜಿ ಉಜ್ಜಿ ಅದನ್ನ ಕೆಣಕ್ತಿದೀಯ. ನಿನ್ನ ಮಕ್ಕಳು ಸುತ್ತ ಸುತ್ತ ಮದ್ದು ಹಾಕಿದಾರೆ, ಬೇರು ಇರೋದು ಸುಳಿ ಕೆಳಗೆ. ಕಳ್ಳನ್ನ ಒಳಗೆ ಕೂರಿಸಿ ಬಾಗಿಲು ಹಾಕಿದ ಹಾಗಾಯ್ತು ನಿಮ್ಮ ವೈದ್ಯ. ಮದ್ದು ಬೀಳಬೇಕಾದ್ದು ನಟ್ಟನಡುವೆ. ಸುಳಿ ಸುಟ್ಟುಹೋಗುತ್ತೆ, ಮತ್ತೆ ಬರಲ್ಲ, ಈಗಲೇ ಹೇಳಿರ್ತೀನಿ, ಅಂದ್ಲು.

ಓಬಳಪ್ಪನಿಗೆ ಎಲ್ಲಿತ್ತೋ ಸಿಟ್ಟು. ನನ್ನ ಹೆಂಡ್ತಿ ಇಟ್ಟ ಕುಂಕುಮದ ಜಾಗ ಸುಡು ಅಂತೀಯಾ, ನಡಿ ಆಚೆಗೆ, ಅಂದುಬಿಟ್ನಂತೆ. ಮಾಚಮ್ಮ ಬಟ್ಟೆ ಗಂಟು ತಲೆ ಮೇಲೆ ಇಟ್ಕೊಂಡು ಹೊರಟೇಹೋದ್ಲು. ಅವಳಿಗೂ ಮಾನ ಇಲ್ಲವಾ?

ಆಮೇಲೆ ಮೂರು ದಿನ ಕಳೀತು. ನಾಲ್ಕನೇ ಬೆಳಗ್ಗೆ ಓಬಳಪ್ಪ ಭರಣಿ ಹಿಡ್ಕೊಂಡು ಹೋದ್ರೆ, ಅಷ್ಟು ವರ್ಷ ತಾನಾಗೇ ಕೊರಳು ಚಾಚ್ತಿದ್ದ ಕೆಂಚಿ, ಅವನ ಹೆಬ್ಬೆರಳು ನೋಡಿದ ಕೂಡಲೇ ಮುಖ ತಿರುಗಿಸಿ ಗೋಡೆಗೆ ಒತ್ತಿಕೊಂಡು ನಡುಗಿದ್ಲಂತೆ. ನನ್ನ ಕೈಗೇ ಹೆದರ್ತಾಳಲ್ಲ ಇವಳು ಅಂತ ಓಬಳಪ್ಪ ಅಲ್ಲೇ ಮೇವಿನ ಮೇಲೆ ಕೂತು ಅತ್ತನಂತೆ. ಗಂಡಸರು ಅಳಲ್ಲ ಅಂತ ಯಾರು ಹೇಳಿದ್ದು ನಿನಗೆ? ಅಳ್ತಾರೆ.

ಆಮೇಲೆ ಎದ್ದು ಸೀದಾ ಕೆರೆಗೆ ಹೋದ. ಮಾಚಮ್ಮ ತಿರುಗೂ ನೋಡದೆ ಬಟ್ಟೆ ಒಗೀತಾನೇ ಇದ್ಲಂತೆ. ಇವನು ಅವಳ ಹಿಂದೆ ನಿಂತು, ನನ್ನ ಮಾತು ತಪ್ಪಾಯ್ತು ಮಾಚಕ್ಕ, ಆದ್ರೆ ತಿಪ್ಪಿ ಮೇಲಿಂದ ನೋಡಿದ್ರೆ ಏನಂದ್ಕೊಳ್ತಾಳೆ, ಅಂದ್ನಂತೆ.

ಆಗ ಮಾಚಮ್ಮ ಕೈಲಿದ್ದ ಬಟ್ಟೆ ಕೆಳಗಿಟ್ಟು ಹೇಳಿದ್ಲು. ಓಬಳಣ್ಣ, ನಿನ್ನ ಹೆಂಡ್ತಿ ಸೀರೆ ಹದಿನೆಂಟು ವರ್ಷ ಒಗೆದವಳು ನಾನು. ಒಂದು ಸಲ ಅವಳ ಧಾರೆ ಸೀರೆ ಮೇಲೆ ಎಂಥದೋ ಕಲೆ ಬಿದ್ದು ಬಟ್ಟೇನೇ ತಿನ್ನೋಕೆ ಶುರುವಾಯ್ತು. ಕಲೆ ತೆಗೆದ್ರೆ ಅಲ್ಲಿರೋ ಜರಿ ಹೂವೂ ಹೋಗುತ್ತೆ ತಿಪ್ಪಮ್ಮ, ಏನು ಮಾಡಲಿ, ಅಂತ ಕೇಳಿದೆ. ಹೂವು ಹೋದ್ರೆ ಹೋಗಲಿ ಮಾಚಿ, ಸೀರೆ ಉಳಿಸಿಕೊಡು, ಉಡೋದು ಸೀರೆ ತಾನೆ, ಅಂದ್ಲು. ಇನ್ನು ನಿನಗೆ ಬಿಟ್ಟಿದ್ದು, ಅಂದ್ಲಂತೆ.

ಓಬಳಪ್ಪ ಕೆರೆಯಿಂದ ಒಂದು ಕೊಡ ನೀರು ತುಂಬ್ಕೊಂಡು ಮನೆಗೆ ಹೋಗಿ ಉಗುರುಬೆಚ್ಚಗೆ ಕಾಯಿಸಿ, ಹಳೆ ಪಂಚೆ ಅದ್ದಿ ಅದ್ದಿ, ಎಷ್ಟೋ ತಿಂಗಳಿಂದ ಗಟ್ಟಿಯಾಗಿದ್ದ ಕುಂಕುಮನ ತಾನೇ ತೊಳೆದ್ನಂತೆ.

ಆಮೇಲೆ ಮಾಚಮ್ಮ ಬಂದ್ಲು. ಬಂದವಳೇ ಮದ್ದಿಗೆ ಕೈ ಹಾಕಲಿಲ್ಲ. ಮೊದಲು ಜೇನುಮೇಣನ ಹರಳೆಣ್ಣೇಲಿ ಕರಗಿಸಿ, ಆರಿದ ಮೇಲೆ ಗಂಟಿನ ಸುತ್ತ ಗದ್ದೆಗೆ ಬದು ಕಟ್ಟೋ ಹಾಗೆ ದಪ್ಪನಾಗಿ ಹಚ್ಚಿದ್ಲು. ಗಂಟಿನಿಂದ ಕೆಳಗೆ ಎದೆಗೂ, ಕಾಲಿಗೂ ಹಚ್ಚಿದ್ಲು. ಮದ್ದು ಹಾಕೋದು ದೊಡ್ಡದಲ್ಲ ಓಬಳಣ್ಣ, ಒಳ್ಳೆ ಚರ್ಮ ಕಾಯೋದು ದೊಡ್ಡದು, ಅಂತ ಹೇಳ್ತಾ ಹೇಳ್ತಾ ಅವನ ಬೆರಳಿಗೂ ಎಣ್ಣೆ ಸವರಿದ್ಲಂತೆ. ಆಮೇಲೆ ಚುಕ್ಕಿ ಇಡೋ ಕಡ್ಡಿ ತುದೀಲಿ ಕರಿಗೇರಿನ ರಸ ಒಂದೇ ಒಂದು ತೊಟ್ಟು ತಗೊಂಡು ಅವನ ಕೈಗೆ ಕೊಟ್ಟು, ನಡುವೆಯಿಂದ ಶುರುಮಾಡು, ನೀನೇ ಇಡು, ಅಂದ್ಲಂತೆ.

ಓಬಳಪ್ಪ, ತಿಪ್ಪೀ, ಕ್ಷಮಿಸು, ಅಂತ ಬಾಯಿಬಿಟ್ಟು ಹೇಳಿ, ಕಡ್ಡಿ ತುದೀನ ಸುಳಿಯ ಕಣ್ಣಿಗೇ ಒತ್ತಿದ್ನಂತೆ.

ಮೂರು ದಿನಕ್ಕೊಂದು ಸಲ, ಹಾಗೆ ಮೂರು ಸಲ. ಅಷ್ಟೇ. ನಾಲ್ಕನೇ ಸಲ ಇನ್ನೊಂದು ಚೂರು ಹಾಕಲಾ ಅಂದಿದ್ದಕ್ಕೆ ಮಾಚಮ್ಮ ಕೈ ಮೇಲೆ ಹೊಡೆದ್ಲಂತೆ. ಮದ್ದು ಹೆಚ್ಚಾದ್ರೆ ವಿಷ. ಇನ್ನು ಕೆರೆಯೋಹಾಗಿಲ್ಲ, ಹಕ್ಕಳೆ ಕೀಳೋಹಾಗಿಲ್ಲ, ಪಟ್ಟಿ ಕಟ್ಟೋಹಾಗಿಲ್ಲ, ಅವಳು ಕಂಬಕ್ಕೆ ಉಜ್ಜದ ಹಾಗೆ ನೋಡ್ಕೊಂಡು ಸುಮ್ಮನೆ ಕೂತ್ಕೋ, ಅಂದ್ಲು. ಸುಮ್ಮನೆ ಕೂರೋದು ಎಷ್ಟು ಕಷ್ಟ ನಿನಗೇ ಗೊತ್ತಲ್ಲ, ಮೊನ್ನೆ ಮೊಣಕಾಲಿನ ಹಕ್ಕಳೆ ಎಷ್ಟು ಸಲ ಕಿತ್ತೆ?

ಮೊದಲು ಗಂಟು ಊದಿ ಇನ್ನೂ ದೊಡ್ಡದಾಯ್ತು. ಹುಣ್ಣಿಮೆ ಬಂತು, ಕಳೀತು. ಮಕ್ಕಳು ಹಗ್ಗ ತಂದ್ರು, ನೋಡಪ್ಪ, ಅಗಸಗಿತ್ತಿ ಮಾತು ಕೇಳಿ ಇನ್ನೂ ಕೆಡಿಸಿದೆ, ಬಿಟ್ಟುಬಿಡೋಣ, ಅಂದ್ರು. ಓಬಳಪ್ಪ ಕೊಟ್ಟಿಗೆ ಬಾಗಿಲಿಗೆ ಅಡ್ಡ ಕೂತು, ಅವಳ ಜೊತೆ ನನ್ನನ್ನೂ ಹೊಡ್ಕೊಂಡು ಹೋಗಿ ಗುಡ್ಡಕ್ಕೆ, ಅಂದ್ನಂತೆ. ಮಕ್ಕಳು ಹಗ್ಗ ಬಿಸಾಕಿ ಹೋದ್ರು. ಸ್ವಲ್ಪ ಹೊತ್ತಿಗೆ ಚಿಕ್ಕವನು ವಾಪಸ್ ಬಂದು ನೊಣ ಓಡಿಸೋಕೆ ಬೇವಿನ ಸೊಪ್ಪಿನ ಹೊಗೆ ಹಾಕಿದ. ಆಮೇಲೆ ದೊಡ್ಡವನು ಹುಲ್ಲು ತಂದ. ನಡುವಿನವನು ಮಾತ್ರ ದೂರದಲ್ಲೇ ನಿಂತಿದ್ನಂತೆ, ಒದೆ ನೆನಪಿತ್ತಲ್ಲ.

ಆಮೇಲೆ ಗಂಟು ಕರ್ರಗಾಯ್ತು, ಒಣಗಿತು, ಅಂಚು ಬಿಡ್ತು. ನಲವತ್ತಮೂರನೇ ದಿನ ಬೆಳಗ್ಗೆ ಹೋಗಿ ನೋಡಿದ್ರೆ ಬೇರುಸಮೇತ ಉದುರಿ ಹುಲ್ಲಿನ ಮೇಲೆ ಬಿದ್ದಿತ್ತಂತೆ, ಸುಟ್ಟ ಬದನೆಕಾಯಿ ಥರ. ಅದರ ಪಕ್ಕದಲ್ಲಿ ಕೆಂಚಿ ಕಾಲು ಮಡಚಿ, ಎದೆ ನೆಲಕ್ಕೆ ಹಚ್ಚಿ ಮಲಗಿದ್ಲು. ಎಷ್ಟು ತಿಂಗಳಾಗಿತ್ತೋ ಹಾಗೆ ಮಲಗಿ. ಓಬಳಪ್ಪ ಅವಳನ್ನ ಎಬ್ಬಿಸದೆ ಬಾಗಿಲಲ್ಲೇ ಕೂತನಂತೆ.

ಆ ಜಾಗದಲ್ಲಿ ಮತ್ತೆ ಕೂದಲು ಬಂತು, ಬೆಳ್ಳಗೆ, ನೆಟ್ಟಗೆ. ಸುಳಿ ಬರಲಿಲ್ಲ. ಅಲ್ಲಿಂದಾಚೆ ಪ್ರತಿ ಸುತ್ತಿನ ಮೊದಲ ಅಳತೆ ಉಪ್ಪು ಮಾಚಮ್ಮನ ಮನೆಗೇ ಹೋಗ್ತಿತ್ತಂತೆ. ಉಪ್ಪಿನ ಬಯಲಲ್ಲಿ ಸುಳಿ ಶಾಸ್ತ್ರ ತಿಳಿದ ಒಬ್ಬ ಕೆಂಚೀನ ತಡವಿ ನೋಡಿ, ಅಯ್ಯೋ ಓಬಳಪ್ಪ, ದೇವಮಣಿ ಕಳ್ಕೊಂಡೆಯಲ್ಲೋ, ಇನ್ನು ಇವಳಲ್ಲಿ ಏನಿದೆ, ಅಂದ್ನಂತೆ. ನಾನು ಉಪ್ಪು ಹೇರೋದು ಕುದುರೆ ಮೇಲೆ ಸ್ವಾಮಿ, ಸುಳಿ ಮೇಲಲ್ಲ, ಅಂತ ಹೇಳಿ ಓಬಳಪ್ಪ ಪಟ್ಟಿ ಬಿಗಿದು ಹೊರಟನಂತೆ. ಪಟ್ಟಿ ಬಿಗಿದ್ರೂ ಕೆಂಚಿ ಅಲುಗಾಡಲಿಲ್ಲ.

ಆಮೇಲೆ ಕೆಂಚಿ ಎರಡು ಮರಿ ಹಾಕಿದ್ಲು. ಎರಡೂ ಚೆನ್ನಾಗಿ ಬೆಳೆದವಂತೆ. ಅವಕ್ಕೆ ಸುಳಿ ಎಲ್ಲಿತ್ತು ಅಂತ ಕೇಳಬೇಡ, ಆ ಮನೇಲಿ ಯಾರೂ ಹುಡುಕಲೇ ಇಲ್ಲವಂತೆ. ಅವರು ಅಲ್ಲಿ ಸುಖವಾಗಿದ್ರು, ನೀನು ಇಲ್ಲಿ ಕಣ್ಣು ಮುಚ್ಚು, ಅಲ್ಲಿಗೆ ಕತೆ ಮುಗೀತು.